ಗಾಳಿಗಡದ ಕೆಂಪು ಚುಕ್ಕೆಗಳು

ಸಾವಿತ್ರಿ ಹರಿಕಂತ್ರ ಕೈ ಮುರಿದುಕೊಂಡದ್ದು ಒಂದು ಬಾಗಿಲು ಮುಚ್ಚಲು ಹೋಗಿ. ಅಂಥ ದೊಡ್ಡ ಬಾಗಿಲೇನೂ ಅಲ್ಲ. ಅವಳು ನಡೆಸುವ ಕ್ರೇನಿನ ಕ್ಯಾಬಿನ್ನಿನದು, ತೆಳು ತಗಡಿನದು, ದಿನಕ್ಕೆ ಹತ್ತಾರು ಸಲ ಅವಳೇ ತೆಗೆದು ಮುಚ್ಚುವಂಥದು. ಸಮುದ್ರ ಸ್ವಲ್ಪ ಉಬ್ಬಿತ್ತು. ಉಕ್ಕಿನ ಕಟ್ಟೆ ಓಲಾಡಿತು, ಬಾಗಿಲು ತಿರುಗಿ ಬಂತು, ಅವಳು ಕೈ ಅಡ್ಡ ಕೊಟ್ಟಳು.

"ಒಣಗಿದ ಕಡ್ಡಿ ಮುರಿದ ಹಾಗೆ ಸದ್ದಾಯ್ತು, ಡಾಕ್ಟ್ರಮ್ಮ," ಎಂದಳು ಆಸ್ಪತ್ರೆ ಕೋಣೆಯಲ್ಲಿ ಕೂತು. "ನಾನು ಬಂದರಿನಲ್ಲಿ ಐಸಿನ ಪೆಟ್ಟಿಗೆ ಎತ್ತಿ ಬೆಳೆದವಳು. ಆಗ ಮೈಮೇಲೆ ಪೆಟ್ಟಿಗೆ ಬಿದ್ರೂ ಎಲುಬಿಗೆ ಎಂತದೂ ಆಗ್ತಿರ್ಲಿಲ್ಲ."

ಡಾಕ್ಟರ್ ಶಾಲ್ಮಲಾ ನಾಯಕ ಎಕ್ಸ್‌ರೇಯನ್ನು ಪರದೆಯ ಮೇಲೆ ದೊಡ್ಡದು ಮಾಡಿ ನೋಡಿದಳು. ಸಾವಿತ್ರಿಗೆ ಈಗಿನ್ನೂ ನಲವತ್ತು ದಾಟಿತ್ತು. ಪರದೆಯ ಮೇಲಿದ್ದದ್ದು ಎಪ್ಪತ್ತೈದರ ಮುದುಕಿಯ ಎಲುಬು. ಒಳಗೆ ಹುಳ ತಿಂದ ಮರದಂತೆ ಜಾಳುಜಾಳು. ಶಾಲ್ಮಲೆಗೆ ಕಾರಣ ಹುಡುಕಬೇಕಾಗಲಿಲ್ಲ. ಅದು ಸಾವಿತ್ರಿಯ ತೋಳಿನ ಚರ್ಮದ ಕೆಳಗೆ ಅಕ್ಕಿಕಾಳಿನಷ್ಟು ದೊಡ್ಡದಾಗಿ ಕೂತಿತ್ತು. ಅಂಥದೇ ಒಂದು ಶಾಲ್ಮಲೆಯ ತೋಳಿನಲ್ಲೂ ಇತ್ತು.

ಕಾರವಾರದ ಬಂದರಿನಿಂದ ಬೋಟಿನಲ್ಲಿ ಅರ್ಧ ದಿನ ಪಶ್ಚಿಮಕ್ಕೆ ಹೋದರೆ ಗಾಳಿಗಡ ಸಿಗುತ್ತದೆ. ನೀರಿನ ಮೇಲೆ ತೇಲುವ ನಲವತ್ತು ಗಾಳಿಕಂಬಗಳು, ನಡುವೆ ಊರಿನ ಮೈದಾನದಷ್ಟು ಅಗಲದ ಉಕ್ಕಿನ ಕಟ್ಟೆ. ಗಾಳಿಯಿಂದ ವಿದ್ಯುತ್ತು, ವಿದ್ಯುತ್ತಿನಿಂದ ನೀರನ್ನು ಒಡೆದು ಜಲಜನಕ. ಅದನ್ನು ತುಂಬಿಸಿಕೊಂಡು ಹೋಗಲು ಹಡಗುಗಳು ಬರುತ್ತವೆ. ಅರವತ್ತು ಚಿಲ್ಲರೆ ಜನ ಆರು ವಾರ ಅಲ್ಲೇ ಇದ್ದು ದುಡಿಯುತ್ತಾರೆ, ಎರಡು ವಾರ ಮನೆಗೆ ಹೋಗಿ ಬರುತ್ತಾರೆ.

ಮೊದಮೊದಲು ಅಲ್ಲಿ ಯಾರ ತೋಳಿನಲ್ಲೂ ಈ ಮಣಿ ಇರಲಿಲ್ಲ. ಹೆಂಗಸರು, ಗಂಡಸರು ಒಟ್ಟಿಗೇ ದುಡಿಯುತ್ತಿದ್ದರು. ಒಂದು ದಿನ ಅಡುಗೆ ವಿಭಾಗದ ಹುಡುಗಿಯೊಬ್ಬಳ ಕೋಣೆಗೆ ಇಬ್ಬರು ಗಂಡಸರು ನುಗ್ಗಿದರು. ಕಂಪನಿ ಆ ಇಬ್ಬರನ್ನು ಪೊಲೀಸರಿಗೆ ಒಪ್ಪಿಸಿತು; ಅದರ ಜೊತೆಗೇ ಇದ್ದಬದ್ದ ಹೆಂಗಸರನ್ನೆಲ್ಲ ಬೋಟು ಹತ್ತಿಸಿ ದಡಕ್ಕೆ ಕಳಿಸಿತು. "ತಪ್ಪು ಮಾಡಿದವರು ಅವರು, ಕೆಲಸ ಕಳ್ಕೊಂಡವರು ನಾವು," ಎಂದು ಸಾವಿತ್ರಿ ಮತ್ತು ಹತ್ತು ಮಂದಿ ಹೆಂಗಸರು ಬಂದರಿನ ಗೇಟಿನಲ್ಲಿ ತಿಂಗಳುಗಟ್ಟಲೆ ಕೂತರು. ಕೊನೆಗೆ ಕಂಪನಿ ಕಂಡುಕೊಂಡ ದಾರಿ ಈ ಮಣಿ. ಕಾಗದದಲ್ಲಿ ಅದಕ್ಕೆ ಉದ್ದನೆಯ ಹೆಸರಿತ್ತು. ಜನ ಕರೆದದ್ದು ತಂಪುಮಣಿ ಎಂದು.

ಅದರ ಕೆಲಸ ಸರಳ. ಮಿದುಳಿನ ಬುಡದಲ್ಲೊಂದು ಗಂಟೆ ಇದೆ ಎಂದುಕೊಳ್ಳಿ. ಹರೆಯ ಬಂದ ದಿನದಿಂದ ಅದು ಹೊತ್ತುಹೊತ್ತಿಗೆ ಬಾರಿಸುತ್ತದೆ, ಅದರ ಸದ್ದಿಗೆ ಗ್ರಂಥಿಗಳು ಎಚ್ಚತ್ತು ರಕ್ತಕ್ಕೆ ರಸ ಬಿಡುತ್ತವೆ, ಆಸೆ ಹುಟ್ಟುತ್ತದೆ. ಮಣಿ ಒಸರುವ ಔಷಧ ಆ ಗಂಟೆಯ ನಾಲಗೆಯನ್ನು ಹಿಡಿದುಬಿಡುತ್ತದೆ. ಹೆಂಗಸರಿಗೂ ಗಂಡಸರಿಗೂ ಒಂದೇ ಮಣಿ. ಕಟ್ಟೆಯ ಕಂಟ್ರೋಲ್ ರೂಮಿನಲ್ಲಿ ಒಂದು ಬೋರ್ಡು. ಒಬ್ಬೊಬ್ಬರಿಗೂ ಒಂದೊಂದು ಚುಕ್ಕೆ. ತಂಪಾಗಿದ್ದರೆ ಹಸಿರು, ಮೈ ಬಿಸಿಯೇರಿದರೆ ಹಳದಿ, ಆಮೇಲೆ ಕೆಂಪು. ಎಂಟು ವರ್ಷ ಎಲ್ಲ ಚುಕ್ಕೆಗಳೂ ಹಸಿರಾಗಿದ್ದವು; ಒಂದು ದೂರೂ ಇರಲಿಲ್ಲ. ಹೆಂಗಸರು ಹನ್ನೊಂದರಿಂದ ಇಪ್ಪತ್ತಾರಾದರು. ಮಣಿಯ ಜೊತೆಗೇ ಗಾಳಿಗಡಕ್ಕೆ ಬಂದ ಶಾಲ್ಮಲೆ, ಹೆಂಗಸರಿಗೆ ಇದು ಕೊಟ್ಟ ಸ್ವಾತಂತ್ರ್ಯದ ಪರವಾಗಿ ಯಾರ ಮುಂದೆಯೂ ವಾದಿಸಿ ಗೆಲ್ಲುತ್ತಿದ್ದಳು.

ಆದರೆ ಆ ರಸಗಳಿಗೆ ಆಸೆ ಹುಟ್ಟಿಸುವುದೊಂದೇ ಕೆಲಸವಲ್ಲ. ಎಲುಬನ್ನು ಗಟ್ಟಿ ಇಡುವುದೂ ಅವೇ. ಅದಕ್ಕೆಂದೇ ಮಣಿಯೊಳಗೆ ಚೂರು ಬೇರೆ ಔಷಧ ಸೇರಿಸಿದ್ದರು. ಎರಡು ವರ್ಷದ ಪ್ರಯೋಗದಲ್ಲಿ ಅದು ಸಾಕಾಗಿತ್ತು. ಎಂಟು ವರ್ಷ ತೊಟ್ಟವರನ್ನು ಯಾರೂ ನೋಡಿರಲಿಲ್ಲ. ಗಾಳಿಗಡದವರೇ ಮೊದಲಿಗರು.

ಆ ಸಲದ ರಜೆಗೆ ಶಾಲ್ಮಲೆ ಅಂಕೋಲೆಗೆ ಹೋಗುವ ಮೊದಲು ಕಾರವಾರದಲ್ಲಿಳಿದು ತನ್ನ ಎಲುಬನ್ನೂ ಪರೀಕ್ಷೆ ಮಾಡಿಸಿದಳು. ಫಲಿತಾಂಶ ನೋಡಿ ಪರ್ಸಿಗೆ ತುರುಕಿ ಮನೆಗೆ ಬಂದಳು.

ಅವಳ ಗಂಡ ಸುಹಾಸ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ. ಹೆಂಡತಿ ಬರುವ ದಿನ ಅಡುಗೆ ಅವನದೇ. ಬೋಟು ಹತ್ತುವಾಗಲೇ ಮಣಿಯನ್ನು ನಿಲ್ಲಿಸುತ್ತಿದ್ದರಾದರೂ ಮೈಯ ತಂಪು ಇಳಿಯಲು ಹೆಚ್ಚುಕಡಿಮೆ ಎರಡು ವಾರ ಬೇಕು, ರಜೆಯೂ ಅಷ್ಟೇ. ಹಾಗಾಗಿ ಅವಳು ಮನೆಯಲ್ಲಿದ್ದಷ್ಟು ದಿನ ಇಬ್ಬರೂ ಹಳೆಯ ಸ್ನೇಹಿತರಂತೆ ಇರುತ್ತಿದ್ದರು. ಪೇಟೆಗೆ ಹೋಗುತ್ತಿದ್ದರು, ಸಂಜೆ ಕಡಲಿಗೆ ನಡೆಯುತ್ತಿದ್ದರು, ಜಗಳವೂ ಆಡುತ್ತಿರಲಿಲ್ಲ. ಸುಹಾಸ ಒಂದು ದಿನವೂ ಗೊಣಗಿದವನಲ್ಲ.

ರಜೆಯ ಕೊನೆಯ ದಿನ ಅವನು ಬಾವಿಕಟ್ಟೆಯ ಹತ್ತಿರ ಕೂತು ಸಿಗಡಿ ಸುಲಿಯುತ್ತಿದ್ದ. ಬಟ್ಟೆ ಒಣಗಿಸಲು ಬಂದ ಶಾಲ್ಮಲೆ ಅವನ ಬಗ್ಗಿದ ಕತ್ತನ್ನು, ಬೆವರಿಗೆ ಅಂಟಿದ ಅಂಗಿಯನ್ನು ನೋಡುತ್ತ ನಿಂತುಬಿಟ್ಟಳು. ಹೋಗಿ ಅವನ ಕತ್ತಿನ ಮೇಲೆ ಕೈ ಇಟ್ಟಳು. ಅವನಿಗೆ ಆ ಕೈಯ ಬಿಸಿಯಲ್ಲೇ ಗೊತ್ತಾಯಿತು.

"ಇವತ್ತಾ?" ಎಂದು ನಕ್ಕ. "ನಾಳೆ ಬೆಳಿಗ್ಗೆ ಬೋಟು ಅಲ್ದಾ ಮಾರಾಯ್ತಿ?"

ಅವಳೂ ನಕ್ಕಳು, ಆಮೇಲೆ ನಗುನಗುತ್ತಲೇ ಅಳು ಬಂತು. ಎಲುಬಿನ ವಿಷಯ ಹೇಳಿದಳು. ಸುಹಾಸ ಸಿಗಡಿಯ ಪಾತ್ರೆಯನ್ನು ಪಕ್ಕಕ್ಕಿಟ್ಟು ಕೈ ತೊಳೆದುಕೊಂಡ. ಅವನ ದನಿ ಏರಿದ್ದನ್ನು ಅವಳು ಕೇಳಿದ್ದು ಅದೇ ಮೊದಲು.

"ಇಷ್ಟು ವರ್ಷ ನಾ ಬಾಯಿ ಬಿಡ್ಲಿಲ್ಲ. ಅಲ್ಲಿ ಇಪ್ಪತ್ತಾರು ಹೆಂಗಸ್ರು ಅನ್ನ ತಿಂತಾ ಇದ್ರು, ಅದಕ್ಕೆ. ನನಗೆ ಬೇಕಾದ್ದನ್ನ ಬದಿಗಿಟ್ಟೆ, ಇನ್ನೂ ಇಡ್ತೆ. ಆದ್ರೆ ನಿನ್ನ ಮೈ ಒಳಗಿಂದ ಪುಡಿಯಾಗೂದನ್ನ ನೋಡ್ತಾ ಕೂರೂಕೆ ಆಗೂದಿಲ್ಲ. ಅದನ್ನ ಎಲ್ರಿಗೂ ಹೇಳು. ಹೇಳದೆ ಇದ್ರೆ ನೀನು ಎಂಥ ಡಾಕ್ಟ್ರು?"

ಗಾಳಿಗಡಕ್ಕೆ ಮರಳಿದವಳೇ ಶಾಲ್ಮಲೆ ಎಲ್ಲರ ಎಲುಬನ್ನೂ ನೋಡಿದಳು. ಹೆಚ್ಚು ವರ್ಷ ದುಡಿದವರದು ಹೆಚ್ಚು ಜಾಳು, ಗಂಡಸರನ್ನೂ ಅದು ಬಿಟ್ಟಿರಲಿಲ್ಲ. ಕಟ್ಟೆಯ ಮ್ಯಾನೇಜರ್ ಜಯವಂತ ಕಾಮತರ ಮುಂದೆ ಎಲ್ಲವನ್ನೂ ಇಟ್ಟಳು. ಕಾಮತರು ಐವತ್ತೆಂಟರ, ಮಿತಮಾತಿನ, ಅಂಗಿಯ ಮಡಿಕೆ ಕೆಡದ ಮನುಷ್ಯ. ಕಂಪನಿಯ ಹಿರಿಯರನ್ನು ಪರದೆಯ ಮೇಲೆ ಕರೆದು ಮಾತಾಡಿದರು. ಉತ್ತರ ಅದೇ ಸಂಜೆ ಬಂತು. ಮಣಿ ತೊಟ್ಟೇ ಇರಿ, ಎಲುಬಿಗೆ ಇಂಜೆಕ್ಷನ್ ಕಳಿಸುತ್ತೇವೆ. ಮಣಿ ಬೇಡವೆಂದರೆ ಹೆಂಗಸರು 'ಸದ್ಯಕ್ಕೆ' ದಡಕ್ಕೆ ಬರಲಿ.

"ಆ ಸದ್ಯಕ್ಕೆ ಅನ್ನೋದು ಎಷ್ಟು ಉದ್ದ ಅಂತ ನಂಗೊತ್ತು," ಎಂದಳು ಸಾವಿತ್ರಿ.

ಊಟದ ಹಾಲಿನಲ್ಲಿ ಸಭೆ ಸೇರಿತು. ಶಾಲ್ಮಲೆ ಎಲುಬಿನ ಚಿತ್ರಗಳನ್ನು ತೋರಿಸಿ, ತಿಳಿಯುವಂತೆ ಹೇಳಿ ಕೂತಳು. ಬ್ಯಾಂಡೇಜಿನ ಕೈಯನ್ನು ಎದೆಗೆ ಕಟ್ಟಿಕೊಂಡ ಸಾವಿತ್ರಿ ಎದ್ದು ನಿಂತಳು. ಅವಳು ಮಾತಾಡಿದ್ದು ಗಂಡಸರ ಕಡೆಗೆ ತಿರುಗಿ.

"ಆವತ್ತು ಆ ಹುಡುಗಿ ಪಕ್ಕ ಬೋಟಿನಲ್ಲಿ ಕೂತು ದಡದ ವರೆಗೆ ಹೋದವಳು ನಾನು. ಅವಳ ನಡುಕ ಇನ್ನೂ ನನ್ನ ಮೈಯಲ್ಲಿದೆ. ಆದ್ರೂ ಕೇಳ್ತೆ. ನಮ್ಮ ಮೈಗೆ ಬೀಗ ಹಾಕದೆ ನಾವು ಒಂದು ಕಡೆ ದುಡಿಯೂಕೆ ಆಗೂದೇ ಇಲ್ವಾ? ನೀವೇ ಹೇಳಿ."

ಹಾಲಿನ ಮೂಲೆಯಿಂದ ಒಬ್ಬ ಎದ್ದ. ಸುಬ್ರಾಯ ಅಂಬಿಗ, ಗಾಳಿಕಂಬ ಹತ್ತಿ ರೆಕ್ಕೆ ರಿಪೇರಿ ಮಾಡುವವನು. ಹದಿನೆಂಟಕ್ಕೇ ಗಾಳಿಗಡಕ್ಕೆ ಬಂದವನಿಗೆ ಈಗ ಇಪ್ಪತ್ತಾರು.

"ಅಕ್ಕ, ಸುಳ್ಳು ಹೇಳೂದಿಲ್ಲ. ರಜೆಗೆ ಹೋದ್ರೆ ಮೈ ಎಚ್ಚರ ಆಗೂ ಮೊದಲೇ ತಿರುಗಿ ಬರ್ತೆ. ದೊಡ್ಡವನಾದ ಮೇಲೆ ಮಣಿ ಇಲ್ಲದೆ ನಾ ಹ್ಯಾಂಗಿರ್ತೆ ಅಂತ ನನಗೇ ಗೊತ್ತಿಲ್ಲ. ನಂಗೆ ಹೆದರಿಕೆ ಆಗ್ತದೆ."

ಒಂದಿಬ್ಬರು ನಕ್ಕರು. ಸಾವಿತ್ರಿ ನಗಲಿಲ್ಲ. "ಹೆದರಿಕೆ ಅದೆ ಅಂತ ಬಾಯಿಬಿಟ್ಟು ಹೇಳಿದ ಗಂಡಸನ್ನ ನಾ ನೋಡಿದ್ದು ಇದೇ ಮೊದಲು. ಕೂತ್ಕೊ ತಮ್ಮಾ. ನಿನ್ನ ಜೊತೆ ಕೆಲಸ ಮಾಡೂಕೆ ನಂಗೆ ಹೆದರಿಕೆ ಇಲ್ಲ."

ಹೆಂಗಸರು ಹೋಗುವುದಿಲ್ಲ, ಎಲ್ಲರ ಮಣಿಯೂ ನಿಲ್ಲಲಿ ಎಂದು ಹಾಲಿಗೆ ಹಾಲೇ ಕೈ ಎತ್ತಿತು. ಹೆಂಗಸರನ್ನು ಕಳಿಸಿದರೆ ತಾವೂ ಬೋಟು ಹತ್ತುತ್ತೇವೆಂದು ಗಂಡಸರು ಹೇಳಿದ ಮೇಲೆ ಕಂಪನಿ ಆರು ತಿಂಗಳ ಪ್ರಯೋಗಕ್ಕೆ ಒಪ್ಪಿತು. ಷರತ್ತುಗಳಿದ್ದವು. ಮಣಿ ತೋಳಿನಲ್ಲೇ ಇರಬೇಕು. ಔಷಧ ನಿಂತರೂ ಬೋರ್ಡು ಅವರ ಮೈಯ ಸ್ಥಿತಿಯನ್ನು ತೋರಿಸುತ್ತಲೇ ಇರಬೇಕು. ಅಪಾಯ ಕಂಡರೆ ಕಂಟ್ರೋಲ್ ರೂಮಿನಿಂದಲೇ ಒಂದು ಗುಂಡಿ ಒತ್ತಿ ಯಾರನ್ನಾದರೂ ಕ್ಷಣದಲ್ಲಿ ತಂಪು ಮಾಡಬಹುದು. ಗುಂಡಿ ಕೆಲಸ ಮಾಡಲು ಡಾಕ್ಟರ ಹೆಬ್ಬೆರಳ ಗುರುತೇ ಬೇಕು. ಆ ಜೋರು ಔಷಧಕ್ಕೆ ರಕ್ತದೊತ್ತಡ ಇಳಿದು ತಲೆ ಸುತ್ತುತ್ತದೆಂದು ಶಾಲ್ಮಲೆಗೆ ಗೊತ್ತಿತ್ತು.

ಮೊದಲ ವಾರ ಏನೂ ಆಗಲಿಲ್ಲ. ಆಮೇಲೆ ಹಸಿರು ಚುಕ್ಕೆಗಳು ಒಂದೊಂದಾಗಿ ಹಳದಿಯಾದವು. ಕಟ್ಟೆಯ ಮೇಲೆ ಬಾಚಣಿಗೆಗಳಿಗೆ ಬೇಡಿಕೆ ಬಂತು. ವರ್ಷಗಟ್ಟಲೆ ಒಂದೇ ಬನಿಯನ್ನಿನಲ್ಲಿ ಊಟಕ್ಕೆ ಬರುತ್ತಿದ್ದ ವೆಲ್ಡರನೊಬ್ಬ ಇಸ್ತ್ರಿ ಅಂಗಿ ತೊಟ್ಟು ಬಂದು ಎಲ್ಲರಿಂದ ಗೇಲಿ ಮಾಡಿಸಿಕೊಂಡ. ಯಾರೋ ಹಾಡತೊಡಗಿದರು, ಯಾರೋ ಸುಮ್ಮಸುಮ್ಮನೆ ಸಿಟ್ಟಾದರು. ಮುಟ್ಟು ನಿಂತಿದ್ದ ಹೆಂಗಸರು ಹೊಟ್ಟೆನೋವೆಂದು ಬಂದು, ಗುಳಿಗೆ ತೆಗೆದುಕೊಂಡು ನಗುತ್ತ ಹೋದರು. ಹೆಂಗಸರೂ ಗಂಡಸರೂ ಕೂತು ತಮ್ಮದೇ ಕಟ್ಟಳೆ ಮಾಡಿಕೊಂಡರು: ಬೇಕೆಂದರೆ ಬಾಯಿಬಿಟ್ಟು ಕೇಳಬೇಕು, ಬೇಡವೆಂದರೆ ಅಲ್ಲಿಗೆ ಮುಗಿಯಿತು, ಎರಡನೇ ಸಲ ಕೇಳುವಂತಿಲ್ಲ. ಎಲ್ಲರೂ ದೇವರಾಗಲಿಲ್ಲ. ಪಂಪಿನ ಮೆಕ್ಯಾನಿಕ್ ಒಬ್ಬ ಹೆಂಗಸರ ಸ್ನಾನದ ಕೋಣೆಯ ಹೊರಗೆ ಸುಳಿದಾಡುತ್ತಿದ್ದ. ಅವನನ್ನು ಹಿಡಿದು ತಂದವರು ಅವನ ಜೊತೆಯ ಗಂಡಸರೇ. ಸಾಮಾನು ತರುವ ಬೋಟಿನಲ್ಲಿ ಅವನು ದಡ ಸೇರಿದ; ಅವನ ಮೇಲೆ ದೂರೂ ದಾಖಲಾಯಿತು.

ಬೋರ್ಡಿನ ಮುಂದೆ ಕೂರುವುದು ಶಾಲ್ಮಲೆಗೆ ದಿನದಿನಕ್ಕೆ ಕಷ್ಟವಾಯಿತು. ಕಂಟ್ರೋಲ್ ರೂಮಿನ ಗಾಜಿನಾಚೆಯೇ ಊಟದ ಹಾಲು. ಊಟದ ಹೊತ್ತಿಗೆ ಯಾವ ಚುಕ್ಕೆ ಕೆಂಪೇರಿತು, ಯಾರು ಪಕ್ಕದಲ್ಲಿದ್ದಾಗ ಏರಿತು, ಎಲ್ಲ ಕಾಣುತ್ತಿತ್ತು. ಮಕ್ಕಳೊಂದಿಗನಾದ ಫೋರ್‌ಮನ್ನನ ಚುಕ್ಕೆ ಅಡುಗೆಯ ಹೆಂಗಸೊಬ್ಬಳು ಬಡಿಸಲು ಬಂದಾಗಲೆಲ್ಲ ಕೆಂಪಾಗುತ್ತಿತ್ತು. ಅವನು ತಲೆ ತಗ್ಗಿಸಿ ಊಟ ಮಾಡಿ, ತಟ್ಟೆ ತೊಳೆದಿಟ್ಟು, ಹೆಂಡತಿಗೆ ಫೋನು ಮಾಡಲು ಹೋಗುತ್ತಿದ್ದ. ಒಳಗೆ ಅಷ್ಟು ಬೆಂಕಿ ಇಟ್ಟುಕೊಂಡು ಮನುಷ್ಯರು ದಿನವಿಡೀ ಎಷ್ಟು ಸಭ್ಯವಾಗಿ ಬದುಕುತ್ತಾರೆಂದು ಅವಳಿಗೆ ಬೆರಗು. ಅದನ್ನು ತಾನು ಕದ್ದು ನೋಡುತ್ತಿದ್ದೇನೆಂದು ನಾಚಿಕೆ.

"ಇದನ್ನ ಆರಿಸೋಣ, ಕಾಮತರೇ," ಎಂದಳು ಒಮ್ಮೆ.

"ನೋಡದೆ ನಂಬೋದು ಹೇಗೆ ಡಾಕ್ಟ್ರೇ?" ಎಂದರು ಕಾಮತರು.

ಮೂರನೇ ತಿಂಗಳ ಒಂದು ಮಧ್ಯಾಹ್ನ ಹೇಳದೆ ಕೇಳದೆ ಬಿರುಗಾಳಿ ಎದ್ದಿತು. ಸುಬ್ರಾಯ, ಮತ್ತು ವೈರಿಂಗ್ ನೋಡುವ ಎಂಜಿನಿಯರ್ ತನುಜಾ ಗುನಗಾ, ದೂರದ ಕಂಬವೊಂದರ ತುದಿಯಲ್ಲಿದ್ದರು. ರೆಕ್ಕೆಗಳ ಹಿಂದೆ ಯಂತ್ರ ಕೂರಿಸಿದ ಇಕ್ಕಟ್ಟಾದ ಕೋಣೆ. ಇಬ್ಬರು ಕೂತರೆ ಮೊಣಕಾಲಿಗೆ ಮೊಣಕಾಲು ತಾಗುವಂಥದು. ಕಂಬದೊಳಗಿನ ಲಿಫ್ಟು ಗಾಳಿಗೆ ತಾನಾಗಿ ನಿಂತುಬಿಟ್ಟಿತು. ರೇಡಿಯೊದಲ್ಲಿ ಬರೀ ಗರಗರ. ಕಂಬದ ತಂತಿಯ ಮೂಲಕ ಅವರಿಬ್ಬರ ಮಣಿಗಳ ಸಂಕೇತ ಮಾತ್ರ ಬರುತ್ತಿತ್ತು.

ಮೊದಲು ಸುಬ್ರಾಯನ ಚುಕ್ಕೆ ಕೆಂಪಾಯಿತು. ಸ್ವಲ್ಪ ಹೊತ್ತಿಗೆ ತನುಜಾಳದೂ. ಎರಡೂ ಏರುತ್ತ ಹೋಗಿ ಕೆಂಡದ ಹಾಗೆ ಉರಿಯತೊಡಗಿದವು.

ಕಾಮತರು ಎದ್ದು ನಿಂತರು. "ಡಾಕ್ಟ್ರೇ, ಗುಂಡಿ."

"ಹೆದರಿಕೆಗೂ ಚುಕ್ಕೆ ಕೆಂಪೇ ಆಗ್ತದೆ, ಕಾಮತರೇ. ಬಿರುಗಾಳಿಯಲ್ಲಿದ್ದಾರೆ."

"ತನುಜಾ ಹೆದರಿರೋದು ಗಾಳಿಗೋ, ಅವನಿಗೋ?"

ಅದು ಶಾಲ್ಮಲೆಗೂ ಗೊತ್ತಿರಲಿಲ್ಲ, ಬೋರ್ಡಿಗೂ ಗೊತ್ತಿರಲಿಲ್ಲ. ಸುದ್ದಿ ಕೇಳಿ ಓಡಿ ಬಂದ ಸಾವಿತ್ರಿ ಬಾಗಿಲಲ್ಲಿ ನಿಂತಿದ್ದಳು. ಶಾಲ್ಮಲೆ ಅವಳತ್ತ ತಿರುಗಿದಳು.

"ಸಾವಿತ್ರಿ, ಎಂತ ಮಾಡಲಿ?"

"ನನ್ನ ಕೇಳಬೇಡಿ," ಎಂದಳು ಸಾವಿತ್ರಿ. ಅವಳ ಮುಖ ಬಿಳಿಚಿತ್ತು. "ಬೆರಳು ನಿಮ್ದು."

ಗುಂಡಿ ಒತ್ತಿದರೆ ಕ್ಷಣದಲ್ಲಿ ಚುಕ್ಕೆ ಹಸಿರಾಗುತ್ತಿತ್ತು. ಆದರೆ ಗಾಳಿ ತುಸು ಇಳಿದರೂ ಅವರು ಕೈಯೇಣಿ ಹಿಡಿದು ಇಳಿಯಲು ತೊಡಗಬಹುದು; ಈಗಾಗಲೇ ಏಣಿಯ ಮೇಲಿರಲೂಬಹುದು. ಅಲ್ಲಿ ತಲೆ ಸುತ್ತಿದರೆ ಕೆಳಗೆ ಕಬ್ಬಿಣ. ಒತ್ತದೆ ಬಿಟ್ಟು ಅಲ್ಲೇನಾದರೂ ಆಗಿಹೋದರೆ? ತನುಜಾಳಿಗೆ ಯಾವ ಮುಖ ತೋರಿಸುವುದು? ಆಮೇಲೆ ಒಬ್ಬ ಹೆಂಗಸೂ ಈ ಕಟ್ಟೆಗೆ ಕಾಲಿಡಲಾರಳು.

ಊಟದ ಹಾಲಿನಲ್ಲಿ ಎದ್ದು ನಿಂತು ಹೆದರಿಕೆಯಾಗುತ್ತದೆಂದ ಸುಬ್ರಾಯನ ಮುಖ ಅವಳ ಕಣ್ಣ ಮುಂದೆ ಬಂತು. ತಟ್ಟೆ ತೊಳೆದಿಡುವ ಫೋರ್‌ಮನ್ ನೆನಪಾದ. ಅಂಕೋಲೆಯಲ್ಲಿ ಎಂಟು ವರ್ಷ ಗೊಣಗದೆ ಇದ್ದವನೂ ನೆನಪಾದ. ಅವಳು ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಳು.

"ಒತ್ತೋದಿಲ್ಲ," ಎಂದಳು. "ಏನಾದ್ರೂ ಆದ್ರೆ ಹೊಣೆ ನಂದು."

ಮೂವರೂ ಆ ಎರಡು ಚುಕ್ಕೆಗಳನ್ನು ನೋಡುತ್ತ ಉಳಿದರು. ಬಹಳ ಹೊತ್ತಿನ ಮೇಲೆ ಕೆಂಪು ಮಸುಕಾಯಿತು, ಮತ್ತೆ ಏರಿತು, ಮತ್ತೆ ಇಳಿಯಿತು. ಹೊತ್ತು ಇಳಿಯುವಾಗ ಗಾಳಿ ತಗ್ಗಿತು. ದೋಣಿ ಹೋಗಿ ಇಬ್ಬರನ್ನೂ ಕರೆತಂದಿತು. ಇಬ್ಬರೂ ತೊಯ್ದು ತೊಪ್ಪೆಯಾಗಿದ್ದರು. ಸುಬ್ರಾಯ ಯಾರ ಮುಖವನ್ನೂ ನೋಡದೆ ಬಟ್ಟೆ ಬದಲಿಸಲು ಹೋದ.

ಶಾಲ್ಮಲೆ ತನುಜಾಳನ್ನು ಆಸ್ಪತ್ರೆ ಕೋಣೆಗೆ ಕರೆದು ಬಿಸಿ ಚಹಾ ಕೊಟ್ಟಳು. ಏನು ಕೇಳಬೇಕೆಂದು ತಿಳಿಯದೆ ಕಂಬಳಿ ಹೊದಿಸುತ್ತ ನಿಂತಳು. ತನುಜಾಳೇ ತಲೆ ಎತ್ತಿದಳು.

"ಬೋರ್ಡಿನಲ್ಲಿ ಕಂಡಿರಬೇಕಲ್ದಾ?"

"ಕಂಡಿತು."

"ಕಂಬ ತೊಟ್ಟಿಲಿನ ಹಾಗೆ ತೂಗ್ತಿತ್ತು. ಸಾಯ್ತೇವೆ ಅಂತಾನೇ ಅಂದ್ಕೊಂಡೆ. ಇಬ್ರೂ ಕೈ ಹಿಡ್ಕೊಂಡು ಕೂತ್ವಿ. ಆಮೇಲೆ ಆ ಕೈ ಬೇರೆ ಥರ ಆಯ್ತು. ಅವನೇ ಹೇಳಿದ, 'ತನುಜಾ, ನಂಗೆ ನಿನ್ನ ಮೇಲೆ ಆಸೆ ಆಗ್ತಾ ಅದೆ, ಹೇಳದೆ ಇರೂದು ಸರಿಯಲ್ಲ' ಅಂತ." ಅವಳು ಚಹಾ ಕುಡಿದಳು. "ನನಗೂ ಆಗ್ತಿತ್ತು ಡಾಕ್ಟ್ರಮ್ಮ. ಅದನ್ನೂ ಹೇಳ್ದೆ. ಆದ್ರೆ ನಂಗೆ ಊರಲ್ಲಿ ಮದ್ವೆ ಗೊತ್ತಾಗಿದೆ, ಅವನು ಅಂದ್ರೆ ನಂಗೆ ಇಷ್ಟ. ಅದಕ್ಕೆ ಬೇಡ ಅಂದೆ."

"ಅವನು?"

"ಆಯ್ತು ಅಂದ. ಕೈ ಬಿಟ್ಟು ಆ ಕಡೆ ತಿರುಗಿ ಕೂತ. ಸ್ವಲ್ಪ ಹೊತ್ತಿಗೆ ಸ್ಪ್ಯಾನರ್ ತಗೊಂಡು ಬಿಗಿಯಾಗಿದ್ದ ಬೋಲ್ಟನ್ನೇ ಮತ್ತೆ ಬಿಗಿ ಮಾಡೂಕೆ ಶುರು ಮಾಡ್ದ. ನಂಗೆ ನಗು ಬಂತು. ಅವನೂ ನಕ್ಕ. ಗಾಳಿ ನಿಲ್ಲೂ ತನಕ ಅವನು ಚಿಕ್ಕಂದಿನಲ್ಲಿ ಏಡಿ ಹಿಡಿಯೂಕೆ ಹೋಗಿ ಕಚ್ಚಿಸ್ಕೊಂಡ ಕತೆ ಹೇಳ್ದ." ತನುಜಾ ಲೋಟ ಕೆಳಗಿಟ್ಟು ಕೇಳಿದಳು: "ನೀವು ಆ ಗುಂಡಿ ಒತ್ತಬಹುದಿತ್ತು ಅಲ್ದಾ? ಯಾಕೆ ಒತ್ತಲಿಲ್ಲ?"

"ನನಗೂ ಹೆದರಿಕೆ ಆಗಿತ್ತು, ಒತ್ತೋದಕ್ಕೂ, ಒತ್ತದೆ ಇರೋದಕ್ಕೂ," ಎಂದಷ್ಟೇ ಹೇಳಿದಳು ಶಾಲ್ಮಲೆ.

ಮರುದಿನ ತನುಜಾಳ ಒಪ್ಪಿಗೆ ಪಡೆದು ಶಾಲ್ಮಲೆ ನಡೆದದ್ದನ್ನು ಕಾಮತರಿಗೆ ಹೇಳಿದಳು. ಕಾಮತರು ಪೂರ್ತಿ ಕೇಳಿಸಿಕೊಂಡರು. ಕಂಟ್ರೋಲ್ ರೂಮಿಗೆ ಹೋಗಿ, ತಾವೇ ಬಗ್ಗಿ, ಬೋರ್ಡಿನ ವಯರು ಕಿತ್ತರು. ಕಂಪನಿ ಕಾರಣ ಕೇಳಿತು. "ಇಲ್ಲಿ ಕಾಯಬೇಕಾದದ್ದು ಗಾಳಿಯಂತ್ರ, ಮನುಷ್ಯರ ರಕ್ತವಲ್ಲ," ಎಂದರು. ಆರು ತಿಂಗಳು ಮುಗಿದಾಗ ಶಾಲ್ಮಲೆ ಎಲುಬುಗಳ ಹೊಸ ಚಿತ್ರಗಳನ್ನು ಕಳಿಸಿದಳು. ಜಾಳು ನಿಂತಿತ್ತು, ಚಿಕ್ಕವರಲ್ಲಿ ತುಂಬಿಕೊಳ್ಳಲೂ ತೊಡಗಿತ್ತು. ಉತ್ಪಾದನೆ ಇಳಿದಿರಲಿಲ್ಲ, ಹೆಂಗಸರು ಹೊರಟಿರಲಿಲ್ಲ. ಕಂಪನಿ ಪ್ರಯೋಗವನ್ನು ಮುಂದುವರಿಸಿತು, ಆಮೇಲೆ ಪ್ರಯೋಗ ಎಂಬ ಮಾತನ್ನೇ ಬಿಟ್ಟಿತು. ಬೇಕೆಂದವರ ಮಣಿ ತೆಗೆಯಲು ಅನುಮತಿ ಬಂದ ದಿನ ಮೊದಲು ಬಂದು ತೋಳು ಚಾಚಿದವನು ಸುಬ್ರಾಯ.

ಎರಡನೆಯವರಾಗಿ ಬಂದವರು ಕಾಮತರು. ಆದರೆ ಅವರು ತೋಳು ಚಾಚಲಿಲ್ಲ. ಕುರ್ಚಿಯ ತುದಿಯಲ್ಲಿ ಕೂತು, "ಎದೆ ಭಾರ ಅನ್ನಿಸ್ತಿದೆ ಡಾಕ್ಟ್ರೇ. ತಿಂಗಳುಗಳಿಂದ. ಹೃದಯದ್ದೇನೋ ಇರಬೇಕು," ಎಂದರು.

ಶಾಲ್ಮಲೆ ಎಲ್ಲ ಪರೀಕ್ಷೆ ಮಾಡಿದಳು. ಹೃದಯ ಚೆನ್ನಾಗಿತ್ತು. ಕಾಮತರು ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಗೋಡೆ ನೋಡಿಕೊಂಡು ಮಾತಾಡಿದರು.

"ನಾಲ್ಕು ವರ್ಷದ ಹಿಂದೆ ನನ್ನ ಹೆಂಡತಿ ತೀರಿಕೊಂಡಳು. ಸುನಂದಾ. ಹದಿಮೂರನೇ ದಿನ ಮುಗಿಸಿ ಬೋಟು ಹತ್ತಿದೆ. ಇಲ್ಲಿ ಮಣಿ ಮತ್ತೆ ಶುರುವಾಯ್ತು. ಅಳು ಬರಲಿಲ್ಲ. ಕಾಮತರು ಗಟ್ಟಿ ಮನುಷ್ಯ ಅಂದರು ಎಲ್ಲರೂ. ನಾನೂ ಹಾಗೇ ಅಂದುಕೊಂಡೆ. ಈಗ..." ಅವರು ನಿಲ್ಲಿಸಿದರು. "ಈಗ ಬೆಳಿಗ್ಗೆ ಎದ್ದರೆ ಪಕ್ಕದಲ್ಲಿ ಕೈ ಹುಡುಕ್ತದೆ. ಅವಳ ತಲೆಗೂದಲಿನ ವಾಸನೆ ಬಂದ ಹಾಗಾಗ್ತದೆ. ಅವಳು ಬೇಕು ಅನ್ನಿಸ್ತದೆ, ಡಾಕ್ಟ್ರೇ. ಮಾತಿಗೆ ಮಾತ್ರ ಅಲ್ಲ. ಮೈಗೂ. ಈ ವಯಸ್ಸಲ್ಲಿ, ಸತ್ತವಳ ಮೇಲೆ. ನಿನ್ನೆ ಕೋಣೆ ಬಾಗಿಲು ಹಾಕ್ಕೊಂಡು ಅತ್ತುಬಿಟ್ಟೆ. ಇದು ರೋಗವಾ?"

"ಅಲ್ಲ, ಕಾಮತರೇ."

ಅವರ ಕಣ್ಣು ತುಂಬಿತ್ತು. ಶಾಲ್ಮಲೆ ಡಾಕ್ಟರಾಗಿ ಹೇಳಲೇಬೇಕಾದ ಮಾತನ್ನು ಹೇಳಿದಳು: "ತಡೆಯೋದಕ್ಕೇ ಆಗೋದಿಲ್ಲ ಅಂದ್ರೆ, ನಿಮ್ಮದೊಂದು ಮಣಿಯನ್ನು ಸ್ವಲ್ಪ ದಿನ ಮತ್ತೆ ಚಾಲೂ ಮಾಡಬಹುದು. ಇಷ್ಟು ನೋವು ಇರೋದಿಲ್ಲ."

ಕಾಮತರು ತಮ್ಮ ತೋಳಿನ ಮೇಲೆ, ಮಣಿ ಇದ್ದ ಜಾಗದಲ್ಲಿ ಹೆಬ್ಬೆರಳು ಇಟ್ಟು ಒತ್ತಿ ನೋಡಿಕೊಂಡರು. ಹೊರಗೆ ಡ್ಯೂಟಿ ಬದಲಾಗುವ ಗಂಟೆ ಹೊಡೆಯಿತು. ಡೆಕ್ಕಿನ ಮೇಲೆ ಹೆಂಗಸರು ಗಂಡಸರು ಏನೋ ಕೂಗಾಡುತ್ತ ನಗುತ್ತ ಹಾದುಹೋದರು.

"ಬೇಡ ಡಾಕ್ಟ್ರೇ," ಎಂದರು ಕಾಮತರು. "ಇಷ್ಟು ದಿನಕ್ಕೆ ಬಂದಿದ್ದಾಳೆ. ಇರಲಿ." ಅಂಗಿಯ ತೋಳು ಮಡಚಿ ಮೇಲೇರಿಸಿ, ಕೈ ಚಾಚಿದರು. "ಇದನ್ನ ತೆಗೀರಿ."